ಕುಂಚಗಿಯ ಬಿಚ್ಚದ ಮಡಿಕೆ

೧೯೮೫ರಲ್ಲಿ ನಾನು ಸಾಲಿ ಬಿಟ್ಟೆ. ಏಳನೆಯ ಇಯತ್ತೆಯ ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ಮನೆಯವರು ಬಿಡಿಸಿದರು ಎಂದು ಹೇಳಿಕೊಳ್ಳುವವರು ನಮ್ಮ ವಾರಗೆಯಲ್ಲಿ ಬಹಳ ಮಂದಿ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ, ನಾನೇ ಬಿಟ್ಟೆ. ಸೋದರಮಾವನ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಬಟ್ಟೆಯನ್ನು ಸೀಳಿಕೊಂಡು ಹೋಗುವ ಸಪ್ಪಳ ನನಗೆ ಮಾಸ್ತರರ ಮಾತಿಗಿಂತ ಚಂದ ತಿಳಿಯುತ್ತಿತ್ತು. ಎರಡು ವರ್ಷ ಗುಂಡಿಗೆ ಕಾಜಾ ಮಾಡಿದೆ, ಮೂರನೆಯ ವರ್ಷ ಅಂಗಿಯ ತೋಳು ಕೊಟ್ಟರು, ಐದನೆಯ ವರ್ಷ ಕತ್ತರಿ ಕೈಗೆ ಬಂತು. ಇವತ್ತು ಮಿಶ್ರಿಕೋಟಿಯ ಬಸ್ಸಿನ ರಸ್ತೆಗೆ ಹತ್ತಿದಂತೆ ನನ್ನದೇ ಅಂಗಡಿ ಇದೆ. ಎದುರಿಗೆ ನಿಂತವನ ಎದೆ ಎಷ್ಟು ಇಂಚು ಎಂದು ಟೇಪು ಮುಟ್ಟದೆ ಹೇಳಬಲ್ಲೆ. ಅರ್ಧ ಇಂಚು ಆಚೆ ಈಚೆ ಆದರೆ ಆ ದಿನ ನನಗೆ ಊಟ ರುಚಿಸುವುದಿಲ್ಲ.

ನನ್ನ ಹೆಸರು ಸುತ್ತಿನ ಹಳ್ಳಿಗಳಿಗೆ ಹೋದದ್ದು ಮಾತ್ರ ಕುಂಚಗಿಯಿಂದ. ಕೂಸಿನ ತಲೆಯ ಮೇಲೆ ಕೂತು ಬೆನ್ನಿನ ತನಕ ಇಳಿಯುವ ಖಣದ ಟೊಪ್ಪಿಗೆ ಅದು. ಹೆಸರಿಡುವ ದಿನ ತಾಯಿಯ ತವರಿನವರು ತರಬೇಕು. ಮೂರು ತಿಂಗಳು ಹೋಗುವುದರೊಳಗೆ ಕೂಸಿನ ತಲೆ ಬೆಳೆದು ಕುಂಚಗಿ ಬಿಗಿಯಾಗುತ್ತದೆ. ಎಲ್ಲರ ಹತ್ತಿರವೂ ಹೊಸದು ಹೊಲಿಸುವಷ್ಟು ರೊಕ್ಕ ಇರುವುದಿಲ್ಲ. ಅದಕ್ಕೆ ನಾನು ಹಿಂಬದಿಯ ಹೊಲಿಗೆಯ ಒಳಗೆ ಅರ್ಧರ್ಧ ಇಂಚಿನ ಮಡಿಕೆಗಳನ್ನು ಇಟ್ಟು, ಕೈಹೊಲಿಗೆಯಲ್ಲಿ ಹಿಡಿದುಬಿಡುತ್ತೇನೆ. ಬಿಗಿಯಾದಾಗ ತಾಯಂದಿರು ಬಂದು, "ಕಾಕಾ, ಒಂದ ಮಡಿಕಿ ಬಿಚ್ಚಿ ಕೊಡ್ರಿ, ನಮ್ಮ ಸಾಹೇಬ್ರ ತಲಿ ದೊಡ್ಡದಾತು" ಎನ್ನುತ್ತಾರೆ. ಬಿಚ್ಚಿದ ದಿನ ಕೂಸಿನ ತಲೆಯ ಸುತ್ತಳತೆಯನ್ನು ಅಳತೆ ಪುಸ್ತಕದಲ್ಲಿ ಬರೆದಿಡುವುದು ನನ್ನ ರೂಢಿ. ಯಾರೂ ಹೇಳಿಕೊಟ್ಟದ್ದಲ್ಲ. ಬರೆಯದಿದ್ದರೆ ಕೈ ತುರಿಸುತ್ತದೆ, ಅಷ್ಟೇ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಲಿಂಗ ಕಟ್ಟಿದ ಮನೆ. ನಮ್ಮಪ್ಪ ಕುಡಿದವನಲ್ಲ, ನಾನು ಕುಡಿದವನಲ್ಲ. ಕುಡಿದು ಬಂದವನ ಅಳತೆಯನ್ನೂ ನಾನು ತೆಗೆದುಕೊಳ್ಳುವುದಿಲ್ಲ. "ನಾಳಿ ಬಾರಪಾ, ಇವತ್ತ ನೀ ನೆಟ್ಟಗ ನಿಂದ್ರೂದಿಲ್ಲ, ಅಳತಿ ತಪ್ಪತೈತಿ" ಎಂದು ಕಳಿಸಿಬಿಡುತ್ತೇನೆ. ಸೆರೆ ಎಂಬುದು ಬೇರೆಯವರ ಮನೆಯ ಸಾಮಾನು ಎಂದೇ ತಿಳಿದುಕೊಂಡಿದ್ದೆ.

ಆರೇಳು ವರ್ಷದ ಹಿಂದೆ ನನ್ನ ಮಗಳು ಮೊದಲ ಸಲ ಬಸುರಿಯಾದಳು. ಬಮ್ಮಿಗಟ್ಟಿಗೆ ಕೊಟ್ಟ ಮಗಳು, ಒಬ್ಬಳೇ ಮಗಳು. ಎರಡನೆಯ ತಿಂಗಳಿಗೇ ವಾಂತಿ ಹತ್ತಿ ನೀರು ಸಹ ಒಳಗೆ ನಿಲ್ಲದಂತಾದಾಗ ಅಳಿಯ ಬೈಕಿನ ಮೇಲೆ ಕರೆತಂದು ಬಿಟ್ಟುಹೋದ. ನನ್ನ ಹೆಂಡತಿ ಆಕೆಯ ಮದುವೆಗೂ ಮೊದಲೇ ತೀರಿಕೊಂಡಿದ್ದಳು. ಹೀಗಾಗಿ ಬಸುರಿಯ ಆರೈಕೆ ಎಲ್ಲ ನಮ್ಮವ್ವನ ಕೈಯಲ್ಲಿ. ಅವ್ವ ಅಡುಗೆಮನೆಯ ಮೂಲೆಯಿಂದ ಭರಣಿ ತೆಗೆದಳು.

ಅವ್ವನ ಭರಣಿಯ ಔಷಧ ಎಂದರೆ ನಮ್ಮ ಓಣಿಗೆಲ್ಲ ಗೊತ್ತು. ಒಣಶುಂಠಿ, ಮೆಣಸು, ಅಜವಾನ, ಹಿಪ್ಪಲಿ, ಬೆಲ್ಲ. ಇವನ್ನೆಲ್ಲ ಜಜ್ಜಿ ಬ್ರಾಂಡಿಯಲ್ಲಿ ನೆನೆ ಇಡಬೇಕು, ಮೂರು ವಾರ ಬಾಯಿ ಕಟ್ಟಿ ಇಡಬೇಕು. "ಬಸುರಿಗೆ ಥಂಡಿ ಆದ್ರ ಕೂಸಿಗೆ ಆಕ್ಕೈತಿ" ಎನ್ನುವುದು ಅವ್ವನ ಮಾತು. ಭರಣಿಯಲ್ಲಿ ಸ್ವಲ್ಪ ಉಳಿದಿತ್ತು. ಇನ್ನಷ್ಟು ಮಾಡಲು ನನ್ನನ್ನು ಕರೆದು, ಎರಡು ದೊಡ್ಡ ಬಾಟ್ಲಿ ತಾ ಎಂದಳು.

ನಾನು ಹುಬ್ಬಳ್ಳಿಗೆ ಹೋಗಿ ತಂದೆ. ಕಲಘಟಗಿಯಲ್ಲೇ ಸಿಗುತ್ತಿತ್ತು, ಆದರೆ ಅಲ್ಲಿ ಅರ್ಧ ಊರಿಗೆ ನನ್ನ ಗುರುತಿದೆ. ಅಂಗಡಿಯವ ಕೇಳುವ ಮೊದಲೇ "ಔಷಧಕ್ಕರಿ" ಎಂದೆ.

ಅವನು ಬಾಟ್ಲಿಯನ್ನು ಪೇಪರಿನಲ್ಲಿ ಸುತ್ತುತ್ತ, "ಎಲ್ಲಾರೂ ಔಷಧಕ್ಕನ ಒಯ್ಯೂದು ಕಾಕಾ" ಎಂದ. ಹಿಂದೆ ನಿಂತವರು ನಕ್ಕರು. ಆ ನಗು ಬಸ್ಸಿನಲ್ಲಿ ಕೂತ ಮೇಲೂ ಕಿವಿಯಲ್ಲಿತ್ತು. ಆದರೆ ಚೀಲದೊಳಗಿದ್ದದ್ದು ಅವರು ಒಯ್ಯುವ ಸಾಮಾನೇ ಎಂದು ನನಗೆ ಅನ್ನಿಸಲೇ ಇಲ್ಲ. ಅವರದು ಸೆರೆ, ನನ್ನದು ಔಷಧ. ಮುಗಿಯುತ್ತ ಬಂದಾಗಲೆಲ್ಲ ಮತ್ತೆ ಹೋಗಿ ತಂದೆ.

ಮುಂಜಾನೆ ಒಂದು ಚಾದ ಕಪ್ಪು, ಸಂಜೆ ಒಂದು ಕಪ್ಪು. ಮಗಳು ಮೊದಲ ವಾರ ಮೂಗು ಹಿಡಿದುಕೊಂಡು ಕುಡಿದಳು. ಆಮೇಲೆ ರೂಢಿಯಾಯಿತು. ಔಷಧ ಕುಡಿದು ಮಲಗಿದರೆ ಎರಡೆರಡು ತಾಸು ಏಳುತ್ತಿರಲಿಲ್ಲ. ಅವ್ವ ಬಾಗಿಲಿನಲ್ಲಿ ನಿಂತು, "ನೋಡು, ಹುಡುಗಿ ಎಂಥಾ ನಿದ್ದಿ ಮಾಡಾಕತ್ತಾಳ. ಹಿಂಗ ಮೈ ಹಿಡದ್ರ ಕೂಸು ಕಲ್ಲಗುಂಡ ಆಕ್ಕೈತಿ" ಎಂದು ಸಂತೋಷಪಡುತ್ತಿದ್ದಳು. ನನಗೂ ಹೆಮ್ಮೆಯೇ. ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಹೋಗುವಾಗ ಒಂದು ದೊಡ್ಡ ಕ್ಯಾನು ತುಂಬಿ ಕಳಿಸಿದೆವು. ಹೆರಿಗೆಗೆ ತಿರುಗಿ ಬಂದಾಗ ಕ್ಯಾನು ತೊಳೆದಿಟ್ಟಂತೆ ಖಾಲಿ ಇತ್ತು.

ಹುಟ್ಟಿದ್ದು ಹೆಣ್ಣು ಕೂಸು. ತಿಂಗಳು ತುಂಬಿಯೇ ಹುಟ್ಟಿತು. ಆದರೆ ತೂಕ ಎರಡು ಕಿಲೋ ಮುಟ್ಟಲಿಲ್ಲ.

ಹೆಸರಿಡುವ ದಿನಕ್ಕೆ ಇಳಕಲ್ಲಿನ ಸೀರೆಯ ಸೆರಗಿನ ಬಣ್ಣದ ಖಣ ಹುಡುಕಿ ತಂದು ಕುಂಚಗಿ ಹೊಲಿದಿದ್ದೆ. ಕೂಸಿಗೆ ಹಾಕಿದರೆ ಹಣೆ ದಾಟಿ, ಕಣ್ಣು ದಾಟಿ ಮೂಗಿನ ತನಕ ಇಳಿಯಿತು. ಬೀಗರ ಕಡೆಯ ಒಬ್ಬ ಮುದುಕಿ, "ಅಜ್ಜ ಕುಂಚಗಿ ಹೊಲದಾನೋ ಚೀಲಾ ಹೊಲದಾನೋ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಉರಿಯಿತು. ಮೂವತ್ತೈದು ವರ್ಷದಲ್ಲಿ ನನ್ನ ಅಳತೆ ಅಷ್ಟು ತಪ್ಪಿದ್ದು ಅದೇ ಮೊದಲು. ಸಂಜೆ ಅಂಗಡಿಗೆ ಬಂದು ಹಳೆಯ ಪುಸ್ತಕ ತೆಗೆದು ನೋಡಿದೆ. ಅಳತೆ ತಪ್ಪಿರಲಿಲ್ಲ. ತಿಂಗಳು ತುಂಬಿದ ಕೂಸಿಗೆ ನಾನು ಯಾವಾಗಲೂ ಇಡುವ ಅಳತೆಯನ್ನೇ ಇಟ್ಟಿದ್ದೆ. ಹಾಗಾದರೆ ಕೂಸಿನ ತಲೆ ಯಾಕೆ ಒಂದೂವರೆ ಇಂಚು ಕಡಿಮೆ?

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರು ತಿಂಗಳಾಯಿತು, ಮಗಳು ಮಡಿಕೆ ಬಿಚ್ಚಿಸಲು ಬರಲಿಲ್ಲ. ನಾನೇ ಹೋಗಿ ನೋಡಿದೆ. ಆರು ತಿಂಗಳಾಯಿತು. ವರ್ಷವಾಯಿತು. ಕೂಸಿನ ವರ್ಷದ ಹುಟ್ಟುಹಬ್ಬಕ್ಕೆ ಅದೇ ಕುಂಚಗಿ ಹಾಕಿದರು, ಹೇಳಿ ಹೊಲಿಸಿದ ಹಾಗೆ ಕೂತಿತು. ಒಳಗಿನ ಮಡಿಕೆಗಳು ಹಾಗೆಯೇ ಇದ್ದವು. ಉಳಿದ ಕೂಸುಗಳು ವರ್ಷದೊಳಗೆ ಎಲ್ಲ ಮಡಿಕೆ ಮುಗಿಸಿ, ಕುಂಚಗಿ ಬಿಟ್ಟು ಟೋಪಿಗೆ ಬಂದುಬಿಡುತ್ತಿದ್ದವು.

ತಾಯಿ ಸಣ್ಣಾಕಿ, ಅದಕ್ಕೆ ಕೂಸೂ ಸಣ್ಣದು ಎಂದು ಜನ ಅಂದರು. ಇರಬಹುದು ಎಂದು ಪುಸ್ತಕದಲ್ಲಿ ಹುಡುಕಿದೆ. ನನ್ನ ಮಗಳಿಗಿಂತ ಸಣ್ಣ ಮೈಕಟ್ಟಿನ ತಾಯಂದಿರು ನಾಲ್ಕೈದು ಮಂದಿ ಸಿಕ್ಕರು, ಅವರಿಗೆ ಕುಪ್ಪಸ ಹೊಲಿದವನು ನಾನೇ. ಅವರ ಕೂಸುಗಳ ಮಡಿಕೆ ಎಲ್ಲ ಬಿಚ್ಚಿದ್ದವು. ಎಂಟು ತಿಂಗಳಿಗೆ ಹುಟ್ಟಿದ ಒಂದು ಕೂಸಿತ್ತು. ಅದೂ ಮೊದಲು ಅಂಗೈಯಷ್ಟೇ ಇತ್ತು, ವರ್ಷ ತುಂಬುವಷ್ಟರಲ್ಲಿ ಎರಡು ಮಡಿಕೆ ಬಿಚ್ಚಿಸಿಕೊಂಡು ಹೋಗಿತ್ತು. ಹಾಲು ಕಡಿಮೆ ಬಿದ್ದಿರಬೇಕು ಎಂದುಕೊಂಡೆ. ಅದೂ ಅಲ್ಲ, ಮಗಳಿಗೆ ಎದೆಹಾಲು ಚೆನ್ನಾಗಿಯೇ ಇತ್ತು. ಒಂದೊಂದೇ ಕಾರಣ ಹಿಡಿದು ನೋಡಿ, ಅಲ್ಲ ಎಂದು ಗೊತ್ತಾದ ಮೇಲೆ ಬಿಡುತ್ತ ಬಂದೆ. ಇದನ್ನು ಯಾರಿಗೂ ಹೇಳಲಿಲ್ಲ. ಮೊಮ್ಮಗಳ ಅಳತೆಯನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೆ, ಎದುರಿಗೆ ಕೂತವರಿಗೆ ಕಾಣದ ಹಾಗೆ.

ಹುಡುಗಿ ನಡೆದಳು, ಮಾತಾಡಿದಳು, ಎಲ್ಲ ಸ್ವಲ್ಪ ತಡವಾಗಿ. ಮೂರು ವರ್ಷ ದಾಟಿದ ಮೇಲೆ ತಾಯಿಯ ಜೊತೆ ನಮ್ಮಲ್ಲಿಗೆ ಬಂದಾಗಲೆಲ್ಲ ನನ್ನ ಮಷಿನಿನ ಬಾಜು ಕೂತು ಗುಂಡಿಗಳ ಡಬ್ಬಿ ಸುರುವಿಕೊಳ್ಳುತ್ತಿದ್ದಳು. ಅವಳ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. "ಅಜ್ಜಾ, ಗುಂಡಿಗೆ ನಾಕ ಕಣ್ಣ ಯಾಕ?" "ಅಜ್ಜಾ, ಸೂಜಿಗೆ ಒಂದ ಕಣ್ಣ ಯಾಕ?" ಉತ್ತರ ಹೇಳಿದರೆ ನಗುತ್ತಿದ್ದಳು. ಮರುದಿನ ಅದೇ ಪ್ರಶ್ನೆಯನ್ನು ಹೊಸದೆಂಬಂತೆ ಕೇಳುತ್ತಿದ್ದಳು. ನಿನ್ನೆ ಕೆಂಪು ಎಂದು ಗುರುತು ಹಿಡಿದ ಗುಂಡಿ ಇಂದು ಆಕೆಗೆ ಗೊತ್ತಿರುತ್ತಿರಲಿಲ್ಲ. ಅಂಗನವಾಡಿಯ ಟೀಚರು, ಒಂದು ಕಡೆ ಕೂಡುವುದಿಲ್ಲ, ಕಾರ್ಡಿನಲ್ಲಿ ತೂಕದ ಗೆರೆ ಹಸಿರು ಪಟ್ಟಿಗೆ ಏರಿಯೇ ಇಲ್ಲ ಎನ್ನುತ್ತಿದ್ದರಂತೆ.

ಬಟ್ಟೆಯ ಮೇಲೆ ನೆರಿಗೆ, ಗೆರೆ ನೋಡಿ ನೋಡಿ ನನ್ನ ಕಣ್ಣಿಗೆ ಅದೇ ಚಟ. ಎಲ್ಲರಿಗೂ ಮೂಗಿನಿಂದ ಮೇಲ್ದುಟಿಯ ತನಕ ಒಂದು ಸಣ್ಣ ಕಾಲುವೆ ಇರುತ್ತದೆ. ಮೊಮ್ಮಗಳಿಗೆ ಅಲ್ಲಿ ಇಸ್ತ್ರಿ ಎಳೆದಂತೆ ಸಪಾಟು. ಮೇಲ್ದುಟಿ ದಾರದಷ್ಟು ತೆಳು. ನನ್ನ ಕಡೆಗೂ ಅಳಿಯನ ಕಡೆಗೂ ಅಂಥ ಮುಖ ಯಾರದೂ ಇಲ್ಲ. ಯಾರ ಹಾಗೆ ಆಗಿದ್ದಾಳೆ ಎಂದು ಮದುವೆ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಸಿಗಲಿಲ್ಲ.

ಆಕೆಗೆ ನಾಲ್ಕೂವರೆ ವರ್ಷ ಇದ್ದಾಗ ಮಗಳು ಎರಡನೆಯ ಸಲ ಬಸುರಿಯಾಗಿ ತವರಿಗೆ ಬಂದಳು. ಎರಡು ತಿಂಗಳಿಗೆ ಸ್ವಲ್ಪ ಮೇಲಾಗಿತ್ತು, ಮತ್ತೆ ಅದೇ ವಾಂತಿ. ಸುದ್ದಿ ತಿಳಿದ ವಾರದಲ್ಲೇ ಅವ್ವ ಹೇಳಿ, ನಾನು ಮತ್ತೆ ಹುಬ್ಬಳ್ಳಿಗೆ ಹೋಗಿ, ಭರಣಿ ತಯಾರಾಗಿತ್ತು. ಮಗಳು ಬಂದು ನಾಲ್ಕನೆಯ ದಿನ. ಅಂಗಡಿಯಲ್ಲಿ ಗುಂಡಿ ಹಚ್ಚಿ ಹೆಮ್ಮಿಂಗ್ ಮಾಡುವ ಒಬ್ಬ ಹೆಣ್ಣುಮಗಳು ಎರಡು ವರ್ಷದಿಂದ ನನ್ನ ಕೈಕೆಳಗಿದ್ದಾಳೆ. ಅಂದು ಕುಪ್ಪಸಗಳನ್ನು ಒಯ್ಯಲು ಮನೆಗೆ ಬಂದವಳು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಅವ್ವ ಭರಣಿಯ ಬಾಯಿ ಬಿಚ್ಚಿ ಕಪ್ಪಿಗೆ ಸುರಿದಳು.

"ಇದೇನ ಅಮ್ಮಾರ, ನಮ್ಮನಿ ವಾಸನಿ ನಿಮ್ಮನ್ಯಾಗ ಬರಾಕತ್ತೈತಿ?" ಎಂದಳು ಆ ಹೆಣ್ಣುಮಗಳು.

ಆಕೆಯ ಗಂಡ ಕುಡಿಯುತ್ತಾನೆ. ಅದು ಊರಿಗೆ ಗೊತ್ತಿದ್ದದ್ದೇ, ಆಕೆಯೂ ಮುಚ್ಚಿಡುವವಳಲ್ಲ.

ಅವ್ವನಿಗೆ ಸಿಟ್ಟು ಬಂತು. "ಬಾಯಿ ತೊಳಕೊಂಡ ಮಾತಾಡಬೇ. ಇದು ಬಸುರಿ ಔಷಧ."

"ಔಷಧಾನ ಇರ್ಲಿ ಬಿಡ್ರಿ. ಒಳಗ ಇದ್ದದ್ದು ಬ್ರಾಂಡಿ ಹೌದಿಲ್ಲೋ?"

"ಹೌದು. ಏನೀಗ?"

"ಏನಿಲ್ರಿ. ನಮ್ಮಾಂವ ಕುಡದ್ರ ಸೆರೆ, ನಿಮ್ಮ ಮೊಮ್ಮಗಳು ಕುಡದ್ರ ಔಷಧ. ನಮ್ಮಾಂವಗೂ ಒಂದ ಚೂರು ಶುಂಠಿ ಹಾಕಿ ಕೊಡ್ತೀನಿ ಇನ್ನ."

ಮಗಳು ಕಪ್ಪು ಕೈಯಲ್ಲಿ ಹಿಡಿದುಕೊಂಡೇ ನಗತೊಡಗಿದಳು. ನನಗೆ ನಗು ಬರಲಿಲ್ಲ. ನನ್ನ ಕೆಲಸಕ್ಕೆ ಇರುವವಳು ನನ್ನ ಮನೆಯಲ್ಲಿ ನಿಂತು ಆ ಮಾತು ಆಡಿದಳಲ್ಲ ಎಂದು ಮೈ ಬಿಸಿಯಾಯಿತು. ಅಂಗಡಿಗೆ ಬಂದ ಮೇಲೆ ಗದರಿಸಬೇಕು ಎಂದುಕೊಂಡಿದ್ದೆ. ಅದರ ಬದಲಿಗೆ ಬಾಯಿಂದ ಬಂದದ್ದು ಪ್ರಶ್ನೆ.

"ನಿಮ್ಮಾಂವ ದಿನಕ್ಕ ಎಷ್ಟ ಕುಡೀತಾನ?"

"ಒಂದ ಕ್ವಾರ್ಟರ್ ರಿ. ರೊಕ್ಕ ಇದ್ದ ದಿನ ಎರಡು."

"ಕ್ವಾರ್ಟರ್ ಅಂದ್ರ ಎಷ್ಟ ಇರತೈತಿ?"

ಆಕೆ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. ಸೆರೆ ಬೈದೇ ನಲವತ್ತು ವರ್ಷ ಕಳೆದವನಿಗೆ ಅದರ ಅಳತೆ ಗೊತ್ತಿರಲಿಲ್ಲ. ಮರುದಿನ ಮನೆಯಿಂದ ಒಂದು ಖಾಲಿ ಕ್ವಾರ್ಟರ್ ಬಾಟ್ಲಿ ತಂದುಕೊಟ್ಟಳು. ನಾನು ಮನೆಯ ಚಾದ ಕಪ್ಪು ತಂದಿದ್ದೆ. ಕಪ್ಪಿನ ತುಂಬ ನೀರು ಹಿಡಿದು ಬಾಟ್ಲಿಗೆ ಸುರಿದೆ. ಅರ್ಧಕ್ಕೆ ಬಂತು. ಇನ್ನೊಂದು ಕಪ್ಪು ಸುರಿದೆ. ನೀರು ಬಾಟ್ಲಿಯ ಕುತ್ತಿಗೆ ಹತ್ತಿರ ಬಂದು ನಿಂತಿತು.

ಮುಂಜಾನೆ ಒಂದು, ಸಂಜೆ ಒಂದು.

ಆ ಹೆಣ್ಣುಮಗಳು ಬಾಟ್ಲಿ ನೋಡಿದಳು, ನನ್ನನ್ನು ನೋಡಿದಳು. ಈ ಸಲ ಚೇಷ್ಟೆ ಮಾಡಲಿಲ್ಲ. "ಕಾಕಾ, ಡಾಕ್ಟರಿಗೆ ತೋರಸ್ರಿ" ಎಂದು ಸೂಜಿ ಎತ್ತಿಕೊಂಡಳು.

ಮನೆಗೆ ಹೋಗಿ ಮಗಳ ಕೈಯ ಕಪ್ಪು ಇಸಿದುಕೊಂಡು, ಡಾಕ್ಟರನ್ನು ಕೇಳುವ ತನಕ ಬೇಡ ಎಂದೆ. ಯಾಕೆ ಎಂದು ಹೇಳುವ ಧೈರ್ಯ ಬರಲಿಲ್ಲ. ಎರಡು ದಿನ ಬಿಟ್ಟು ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅಳತೆ ಪುಸ್ತಕ ಚೀಲದಲ್ಲಿತ್ತು. ಡಾಕ್ಟರು ಹೆಣ್ಣುಮಗಳು, ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಟೇಪು ತೆಗೆದು ಹುಡುಗಿಯ ತಲೆಗೆ ಹಿಡಿದರು, ಹುಬ್ಬಿನ ಮೇಲಿಂದ ಹಿಂದಿನ ಉಬ್ಬಿನ ತನಕ, ಅಗದಿ ನಾನು ಹಿಡಿಯುವ ಹಾಗೆ. ಅವರು ಹೇಳುವ ಮೊದಲೇ ನಾನು ಇಂಚು ಹೇಳಿದೆ.

ಅವರು ಟೇಪು ನೋಡಿ ನನ್ನ ಕಡೆ ತಿರುಗಿದರು. "ನಿಮಗ ಹ್ಯಾಂಗ ಗೊತ್ತು?"

ಪುಸ್ತಕದ ಕೊನೆಯ ಹಾಳೆ ತೆಗೆದು ಮುಂದಿಟ್ಟೆ. ಹುಟ್ಟಿದ ಹದಿಮೂರನೆಯ ದಿನದಿಂದ ಹಿಂದಿನ ವಾರದ ತನಕ. ಡಾಕ್ಟರು ಒಂದು ಗೆರೆ ಬಿಡದೆ ಓದಿದರು. ನನ್ನ ಮಗಳೂ ಬಾಗಿ ಓದಿದಳು. ಆಕೆ ಅದನ್ನು ನೋಡಿದ್ದು ಅದೇ ಮೊದಲು.

ಡಾಕ್ಟರು ಹುಡುಗಿಯ ತುಟಿ ನೋಡಿದರು, ಕಣ್ಣಿನ ಅಗಲ ಅಳೆದರು, ಆಟಕ್ಕೆ ಒಂದಷ್ಟು ಕಟ್ಟಿಗೆಯ ತುಂಡು ಕೊಟ್ಟು ಏನು ಮಾಡುತ್ತಾಳೆ ನೋಡಿದರು. ಆಮೇಲೆ ಮಗಳಿಗೆ, "ಈಕಿ ಹೊಟ್ಟ್ಯಾಗ ಇದ್ದಾಗ ಏನರ ಔಷಧ ತಗೊಂಡಿದ್ರಿ? ಜ್ವರಾ, ಜಡ್ಡು? ತಂಬಾಕು, ಕುಡಿಯೂದು?" ಎಂದು ಒಂದೊಂದೇ ಕೇಳಿದರು.

"ಛೇ, ಇಲ್ರಿ. ನಮ್ಮ ಮನ್ಯಾಗ ಯಾರೂ ಕುಡಿಯೂದಿಲ್ರಿ" ಎಂದಳು ಮಗಳು. ಹೇಳುವಾಗ ನನ್ನ ಕಡೆಗೇ ನೋಡಿದಳು, ನಾನು ಕಲಿಸಿದ ಮಾತಲ್ಲವೆ ಅದು.

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡಾಕ್ಟರು ಬೇರೆ ಕಾರಣ ಹುಡುಕುತ್ತಿದ್ದರು.

"ಕುಡದಾಳ್ರಿ" ಎಂದೆ. "ದಿನಾ ಎರಡ ಕಪ್ಪು. ಬ್ರಾಂಡ್ಯಾಗ ಶುಂಠಿ ಮೆಣಸು ನೆನಿ ಇಟ್ಟದ್ದು. ಆಕಿಗೆ ಅದು ಸೆರೆ ಅಂತ ಗೊತ್ತಿಲ್ರಿ. ತಂದುಕೊಟ್ಟಾಂವ ನಾ. ಈ ಸಲಾನೂ ನಾಕ ದಿನಾ ಕುಡದಾಳ್ರಿ."

ಡಾಕ್ಟರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಪೆನ್ನು ಕೆಳಗಿಟ್ಟು ನಿಧಾನವಾಗಿ ತಿಳಿಸಿದರು. ತಾಯಿ ಕುಡಿದದ್ದು ರಕ್ತದಲ್ಲಿ ಸೇರಿ ಹೊಕ್ಕುಳ ಹುರಿಯ ಮೂಲಕ ಕೂಸಿಗೆ ಹೋಗುತ್ತದೆ. ದೊಡ್ಡವರ ಮೈ ಅದನ್ನು ಕರಗಿಸಿ ಹೊರಗೆ ಹಾಕುತ್ತದೆ, ಕೂಸಿನ ಮೈಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಕೂಸಿನ ಎತ್ತರ, ತೂಕ, ತಲೆ, ಮೆದುಳು ಎಲ್ಲದರ ಬೆಳವಣಿಗೆ ಹಿಂದೆ ಬೀಳಬಹುದು, ಮುಖದ ಗೆರೆಗಳೂ ಬದಲಾಗಬಹುದು, ಮುಂದೆ ಕಲಿಯುವುದು, ನೆನಪಿಡುವುದು, ಒಂದು ಕಡೆ ಕೂಡುವುದು ಕಷ್ಟವಾಗಬಹುದು. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಎನ್ನುವ ಅಳತೆ ಯಾರಿಗೂ ಗೊತ್ತಿಲ್ಲ.

"ಅಳತಿ ಇಲ್ಲೇನ್ರಿ?" ಎಂದು ಕೇಳಿದೆ. ನನಗೆ ಅದೇ ತಲೆಯಲ್ಲಿ ಕೂತಿತು.

"ಇಲ್ರಿ. ಅದಕ್ಕ ಒಂದ ಹನಿನೂ ಬ್ಯಾಡ ಅಂತ ಹೇಳ್ತೀವಿ. ಶುಂಠಿ ಹಾಕಿದ್ರೂ ಅದ, ಬೆಲ್ಲಾ ಹಾಕಿದ್ರೂ ಅದ."

"ಹಂಗಾರ ಈಕಿಗೆ ಆಗಿದ್ದು ಅದರಿಂದಾನ?"

"ಖಾತ್ರಿ ಅಂತ ಇವತ್ತ ಹೇಳಾಕ ಬರೂದಿಲ್ಲ. ಕೂಸು ಸಣ್ಣ ಆಗಾಕ ಬ್ಯಾರೆ ಕಾರಣನೂ ಅದಾವು, ಅವನ್ನೂ ತಪಾಸ ಮಾಡೂಣು. ಆದರ ನೀವು ಹೇಳಿದ್ದು, ನಾ ನೋಡಿದ್ದು, ಈ ಪುಸ್ತಕ, ಎಲ್ಲಾ ಕೂಡಿದ್ರ ಅದರ ಕಡೆನ ಬೆರಳ ತೋರಸ್ತಾವು."

ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಇದಕ್ಕ?" ಎಂದಳು. ಅಷ್ಟೇ ಕೇಳಿದಳು.

"ಇವತ್ತಿನಿಂದ ಬಂದ್ ಮಾಡ್ರಿ. ಯಾವಾಗ ಬಿಟ್ರೂ ಬಿಟ್ಟಷ್ಟು ಕೂಸಿಗೆ ಚಲೋನ. ಆದ ನಾಕ ದಿನದ್ದು ತಲ್ಯಾಗ ಇಟ್ಕೊಂಡು ಕೂಡಬ್ಯಾಡ್ರಿ. ತಿಂಗಳಾ ತಿಂಗಳಾ ಬಂದು ತೋರಸ್ರಿ."

ದೊಡ್ಡವಳ ಬಗ್ಗೆಯೂ ಹೇಳಿದರು. ಹೋದದ್ದನ್ನು ತುಂಬಿಕೊಡುವ ಔಷಧವಿಲ್ಲ, ಆದರೆ ಕಲಿಸುವ ರೀತಿ ಇದೆ. ಒಂದು ಸಲಕ್ಕೆ ಒಂದೇ ಮಾತು, ದಿನವೂ ಅದೇ ಹೊತ್ತಿಗೆ ಅದೇ ಕೆಲಸ, ಬಾಯಲ್ಲಿ ಹೇಳುವುದಕ್ಕಿಂತ ಕೈಹಿಡಿದು ತೋರಿಸಬೇಕು, ಮರೆತರೆ ಬಯ್ಯಬಾರದು. ಮಗ್ಗುಲ ಕೋಣೆಯಲ್ಲಿ ಅದನ್ನು ಕಲಿಸುವವರಿದ್ದರು, ವಾರಕ್ಕೊಮ್ಮೆ ಬರಲು ಬರೆದುಕೊಟ್ಟರು.

ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಗೆ ಮೂಗು ಹಚ್ಚಿ ಕೂತಿದ್ದಳು. ಹೊರಗೆ ಗೋವಿನಜೋಳದ ಹೊಲಗಳು ದಾಟುತ್ತಿದ್ದವು. ಹತ್ತು ಹನ್ನೆರಡು ಕಿಲೋಮೀಟರ್ ಹೋದ ಮೇಲೆ ಮಗಳು ಬಾಯಿ ತೆಗೆದಳು.

"ಬ್ರಾಂಡಿ ತಂದಿ, ನಿನಗ ತಿಳಿದಿಲ್ಲ, ಅದನ್ನ ಬಿಡು. ನಾಕ ವರ್ಷ ಪುಸ್ತಕದಾಗ ಬರಕೋತ ಕೂತಿ. ನನಗ ಒಂದ ದಿನಾ ತೋರಸಬೇಕು ಅನಸಲಿಲ್ಲೇನಪಾ?"

ಮೊಮ್ಮಗಳ ಅಳತೆ ಕಡಿಮೆ ಎಂದು ಬಾಯಿಬಿಟ್ಟು ಹೇಳಿದರೆ ನನ್ನ ಮನೆತನಕ್ಕೇ ಕಡಿಮೆ ಎಂದುಕೊಂಡಿದ್ದೆ. ತಿಳಿದುಕೊಳ್ಳುವ ಆಸೆ ಇತ್ತು, ತಿಳಿದದ್ದನ್ನು ಇನ್ನೊಬ್ಬರ ಮುಂದೆ ಇಟ್ಟು ಕೇಳುವ ಮನಸ್ಸಿರಲಿಲ್ಲ.

"ನಾ ನಾಳೆ ಬಮ್ಮಿಗಟ್ಟಿಗೆ ಹೊಕ್ಕೀನಿ" ಎಂದಳು. "ಆ ಭರಣಿ ಇರೂ ಮನ್ಯಾಗ ನಾ ಹಡಿಯೂದಿಲ್ಲ."

ಹೇಳಿದಂತೆ ಹೋದಳು. ಅಳಿಯ ಬಂದು ಕರೆದೊಯ್ದ. ಅವರು ಹೋದ ಮೇಲೆ ನಾನು ಅವ್ವನ ಮುಂದೆ ಕೂತೆ. ಅವ್ವನಿಗೆ ಆಗ ಎಂಬತ್ತು. ಎಲ್ಲ ಹೇಳಿದೆ. ಕೇಳಿಸಿಕೊಂಡು ಅಂದಳು, "ನಿನ್ನ ಹೊಟ್ಟ್ಯಾಗ ಇಟ್ಟಾಗ ನಾನೂ ಇದನ್ನ ಕುಡದೀನಿ. ನೀ ಏನ ಗಿಡ್ಡ ಉಳದೀಯೇನು?"

ನನಗೆ ಮತ್ತೆ ಕುತೂಹಲ ಕೆರಳಿತು. ಆಕೆ ಅಂದದ್ದು ಸುಳ್ಳಾಗಿರಲಾರದು. "ಇದನ್ನ ಅಂದ್ರ? ಬ್ರಾಂಡಿ ಹಾಕಿದ್ದನ್ನ?"

ಅವ್ವ ತಲೆ ಅಲ್ಲಾಡಿಸಿದಳು. "ಬ್ರಾಂಡಿ ಎಲ್ಲಿತ್ತೋ ಆವಾಗ. ನೀರಾಗ ಕುದಿಸೂದು. ಎರಡ ಸೇರು ಒಂದ ಸೇರಿಗೆ ಬರೂಮಟ."

"ಮತ್ತ ಇದು ಯಾವಾಗ ಬಂತು?"

"ನಿನ್ನ ಹೇಣ್ತಿ ಹ್ವಾದ ಮ್ಯಾಲೆ. ನೀರಿಂದು ನಾಕ ದಿನಕ್ಕ ಹುಳಿ ಬರತೈತಿ, ಮತ್ತ ಕುದಸಬೇಕು. ಆಕಿ ಇದ್ದಾಗ ಆಕಿ ಕುದಸ್ತಿದ್ಲು. ನನ್ನ ಮೊಣಕಾಲಿಗೆ ಒಲಿ ಮುಂದ ನಿಂದ್ರಾಕ ಆಗಲಿಲ್ಲ. ಯಾರದೋ ಲಗ್ನದಾಗ ಒಬ್ಬಾಕಿ ಹೇಳಿದ್ಲು, ಬ್ರಾಂಡ್ಯಾಗ ಇಟ್ರ ವರ್ಷಗಟ್ಲೆ ಕೆಡೂದಿಲ್ಲ ಅಂತ. ಕೆಡಬಾರದು ಅಂತ ಹಾಕಿದ್ದು ನಾ."

ಕೆಡಬಾರದು ಅಂತ. ಹತ್ತು ಹೆಜ್ಜೆ ಆಚೆ ಅಂಗಡಿಯಲ್ಲಿ ನಾನು ಮಷಿನು ತುಳಿಯುತ್ತ ಕೂತಿದ್ದೆ. ಒಲೆಯ ಮುಂದೆ ಒಂದು ತಾಸು ನಿಲ್ಲು ಎಂದು ಆಕೆ ನನಗೆ ಹೇಳಲಿಲ್ಲ, ಗಂಡಸಿಗೆ ಹೇಳುವ ಕೆಲಸವಲ್ಲ ಅದು. ನಾನೂ ಕೇಳಲಿಲ್ಲ.

ಅವ್ವ ತಾನೇ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಭರಣಿಯನ್ನು ಬೋರಲು ಹಾಕಿದಳು. ಹೆಮ್ಮಿಂಗ್ ಮಾಡುವ ಹೆಣ್ಣುಮಗಳು ಅದನ್ನು ನೋಡಿ, "ಸುದ್ದಿ ನಮ್ಮಾಂವಗ ಹೇಳಬ್ಯಾಡ್ರಿ, ಎದಿ ಒಡಕೊಂಡಾನು" ಎಂದಳು. ಅವ್ವ ಆವತ್ತು ಮಾತ್ರ ಆಕೆಗೆ ಬಯ್ಯಲಿಲ್ಲ.

ಮರುದಿನದಿಂದ ನಾನು ಕುದಿಸಲು ಕಲಿತೆ. ಮೊದಲ ಸಲ ತಳ ಹೊತ್ತಿಸಿದೆ, ಎರಡನೆಯ ಸಲ ಮೆಣಸು ಹೆಚ್ಚಾಯಿತು. ಸ್ವಲ್ಪ ಶುಂಠಿ ನೀರಿಗೆ ಅಡ್ಡಿಯಿಲ್ಲ, ಮೆಣಸು ಕಡಿಮೆ ಹಾಕಿ, ಹಿಪ್ಪಲಿ ಗಿಪ್ಪಲಿ ಬೇಡ ಎಂದು ಡಾಕ್ಟರು ಹೇಳಿದ್ದರು, ಹಾಗೆಯೇ ಮಾಡಿದೆ. ನಾಲ್ಕು ದಿನಕ್ಕೊಮ್ಮೆ ಸ್ಟೀಲಿನ ಡಬ್ಬಿಯಲ್ಲಿ ತುಂಬಿಕೊಂಡು ಬಮ್ಮಿಗಟ್ಟಿಗೆ ಒಯ್ದೆ. ಮೊದಲ ದಿನ ಮಗಳು ಡಬ್ಬಿ ತೆಗೆದು ಮೂಸಿ ನೋಡಿ, ಕಪ್ಪಿಗೆ ಹಾಕಿ ನನ್ನ ಮುಂದೆ ಹಿಡಿದಳು.

"ಮೊದಲ ನೀ ಕುಡಿ."

ಕುಡಿದೆ. ಬೀಗರ ಪಡಸಾಲೆಯಲ್ಲಿ ಎಲ್ಲರೂ ನೋಡುತ್ತಿದ್ದರು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. "ಏನ ನಾಟಕಾ ಮಾಡ್ತಿಯಪಾ, ಬರೇ ಶುಂಠಿ ಐತಿ" ಎಂದಳು, ಆದರೆ ತಾನೂ ಅರ್ಧ ಕಪ್ಪು ಕುಡಿದಳು. ಐದು ತಿಂಗಳು ಹಾಗೆಯೇ ನಡೆಯಿತು. ಪ್ರತಿ ಸಲ ಮೊದಲ ಕಪ್ಪು ನನಗೆ. ನಾನು ಹೋದ ಮೇಲೆ ಉಳಿದದ್ದನ್ನು ಕುಡಿದಳೋ ಚೆಲ್ಲಿದಳೋ ವಿಚಾರಿಸಲಿಲ್ಲ. ಎಂಟನೆಯ ತಿಂಗಳಲ್ಲಿ ಒಂದು ದಿನ ಡಬ್ಬಿ ಹಿಡಿದು ಹೋದರೆ ಆಕೆಯ ಬಟ್ಟೆಯ ಚೀಲ ಬಾಗಿಲಿನಲ್ಲಿತ್ತು. "ಹೋಗೂಣು ನಡಿ" ಎಂದಳು.

ಹುಟ್ಟಿದ್ದು ಗಂಡು. ತೂಕ ಕೇಳಿ ನರ್ಸಿಗೆ ಇನ್ನೊಮ್ಮೆ ತೂಗಲು ಹೇಳಿದೆ, ಆಕೆ ಗುರುಗುಟ್ಟಿಕೊಂಡು ತೂಗಿದಳು, ಮೂರು ಕಿಲೋ ಬದಲಾಗಲಿಲ್ಲ. ಈಗ ಎಂಟು ತಿಂಗಳು. ಎರಡು ಮಡಿಕೆ ಬಿಚ್ಚಿದ್ದೇನೆ, ಮಗಳ ಎದುರಿಗೇ ಬರೆದಿದ್ದೇನೆ. ಡಾಕ್ಟರು ಚೆನ್ನಾಗಿದ್ದಾನೆ ಎಂದಿದ್ದಾರೆ, ಆದರೂ ವರ್ಷ ವರ್ಷ ತೋರಿಸಿ ಎಂದಿದ್ದಾರೆ.

ಈಗ ಕುಂಚಗಿ ಹೊಲಿಸಲು ಬಂದ ತವರಿನವರಿಗೆ ನಾನು ಒಂದು ಪ್ರಶ್ನೆ ಹಾಕುತ್ತೇನೆ, ಬಸುರಿಗೆ ಏನು ಕುಡಿಸಿದಿರಿ, ಬಾಣಂತಿಗೆ ಏನು ಕುಡಿಸುತ್ತೀರಿ ಎಂದು. ಕೆಲವರು, "ಕಾಕಾ, ನೀವು ಟೇಲರೋ ಡಾಕ್ಟರೋ?" ಎನ್ನುತ್ತಾರೆ. ಕೆಲವರು ಆಚೆ ಈಚೆ ನೋಡಿ, ಧ್ವನಿ ಇಳಿಸಿ, "ಒಂದೊಂದ ಮುಚ್ಚಳಾ ಅಷ್ಟರಿ, ಥಂಡಿಗೆ" ಎನ್ನುತ್ತಾರೆ. ಕುಡಿಯುವವರೇ ಇಲ್ಲದ ಮನೆಗಳವರೇ ಹೆಚ್ಚು ಹಾಗೆ ಹೇಳುತ್ತಾರೆ. ಅವರನ್ನು ಕೂರಿಸಿ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ತಂದುಕೊಟ್ಟವನು ನಾನೇ ಎಂಬುದನ್ನೂ ಬಿಡುವುದಿಲ್ಲ. ಮಗಳು ಎದುರಿಗಿದ್ದರೆ ಆ ಭಾಗವನ್ನು ಆಕೆಯೇ ಹೇಳುತ್ತಾಳೆ, ನನಗಿಂತ ಸ್ವಲ್ಪ ಜೋರಾಗಿ.

ಮೊಮ್ಮಗಳು ಈ ವರ್ಷ ಒಂದನೆಯ ಇಯತ್ತೆಗೆ ಹೋಗುತ್ತಾಳೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ, ಎತ್ತರ ಅಷ್ಟೇ ಇದೆ. ಒಂದು ಅಕ್ಷರಕ್ಕೆ ಒಂದು ವಾರ ಬೇಕು. ಬಾಣಂತನಕ್ಕೆ ಬಂದ ಮಗಳು ಆಕೆಯ ಶಾಲೆಗಾಗಿ ಇಲ್ಲಿಯೇ ಉಳಿದಿದ್ದಾಳೆ, ಅಳಿಯ ವಾರಕ್ಕೆರಡು ಸಲ ಬರುತ್ತಾನೆ. ದಿನವೂ ಸಂಜೆ ಐದಕ್ಕೆ ನಾನು ಮಷಿನು ನಿಲ್ಲಿಸಿ ಆಕೆಯ ಕೈ ಹಿಡಿದು ಬರೆಸುತ್ತೇನೆ. ನಾನು ಬಿಟ್ಟ ಸಾಲಿಗೆ ಆಕೆಯ ಜೊತೆ ಮತ್ತೆ ಸೇರಿದ ಹಾಗಾಗಿದೆ. ಹಿಂದಿನ ವಾರ "ಜ" ಮುಗಿಯಿತು. ಈ ವಾರ ಸುರುವಾದದ್ದು "ಝ".

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೊಲಿಗೆ ಮಷಿನು ಮೂರು. ಕತ್ತರಿ ನಾಲ್ಕು. ಅಳತೆ ಪುಸ್ತಕ ಹನ್ನೊಂದು, ಎಲ್ಲವೂ ಕಪಾಟಿನ ಮೇಲೆ, ಬೇಕಾದವರು ತೆಗೆದು ನೋಡಬಹುದು. ಅವ್ವ ಒಬ್ಬಳು. ಮಗಳು ಒಬ್ಬಳು. ಮೊಮ್ಮಕ್ಕಳು ಇಬ್ಬರು. ದೊಡ್ಡವಳಿಗೆ ಬರುವ ಅಕ್ಷರ ಇಪ್ಪತ್ತಮೂರು.